ಹಿತ್ತಿಲ ಕೋಳಿಗೂ ಶುದ್ಧ ನೀರು

'ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ?' ಎಂಬ ಗಾದೆಯನ್ನು ನಮ್ಮ ಸಂಘದ ಯುವ ಮಿತ್ರರು ಮನೆಯ ಹಿರಿಯರ ಬಾಯಲ್ಲಿ ಕೇಳಿಯೇ ಇರುತ್ತೀರಿ. ಮಸಾಲೆಯ ಮಾತು ಹಾಗಿರಲಿ, ನೀರಿನ ವಿಷಯದಲ್ಲಿ ಮಾತ್ರ ಕೋಳಿಯನ್ನು ಕೇಳಿಯೇ ಮುಂದುವರಿಯಬೇಕು. ಬಾಯಿಬಿಟ್ಟು ಹೇಳಲಾರದ ಆ ಜೀವ ತನ್ನ ಉತ್ತರವನ್ನು ಮೊಟ್ಟೆಯ ಬುಟ್ಟಿಯಲ್ಲಿ ಇಡುತ್ತದೆ. ಮೊಟ್ಟೆಯೊಳಗಿನ ತಿರುಳಿನಲ್ಲಿ ಮುಕ್ಕಾಲು ಪಾಲು ನೀರೇ. ಒಂದು ದಿನ ಪೂರ್ತಿ ನೀರು ತಪ್ಪಿದರೆ ಬುಟ್ಟಿ ಹಗುರಾಗುತ್ತದೆ. ಮತ್ತೆ ಹದಕ್ಕೆ ಬರಲು ಹಲವು ದಿನಗಳೇ ಬೇಕು.

ಮುಂಬಯಿ, ಪುಣೆ, ಹೈದರಾಬಾದುಗಳ ಫ್ಲ್ಯಾಟುಗಳಲ್ಲಿ ಹುಟ್ಟಿ ಬೆಳೆದ ನಿಮಗೆ ಕೋಳಿಯ ನೀರಿನ ಚಿಂತೆ ಏಕೆ ಎಂದು ಕೇಳಬಹುದು. ಅದಕ್ಕೆ ಎರಡು ಕಾರಣಗಳಿವೆ. ನಗರದ ಅಂಚಿನಲ್ಲಿ ಸ್ವಂತ ಮನೆ, ತುಂಡು ಹಿತ್ತಿಲು ಇರುವ ನಮ್ಮವರಲ್ಲಿ ಕೆಲವರಿಗೆ ನಾಲ್ಕಾರು ಕೋಳಿ ಸಾಕುವ ಹವ್ಯಾಸವಿದೆ. ಎರಡನೆಯ ಕಾರಣ ಇನ್ನೂ ಹತ್ತಿರದ್ದು. ಮಕ್ಕಳೆಲ್ಲ ಕೆಲಸಕ್ಕೆಂದು ಊರು ಬಿಟ್ಟ ಮೇಲೂ ಎಷ್ಟೋ ಅಜ್ಜಿಯರು, ಅತ್ತೆಯರು ಹಿತ್ತಿಲಲ್ಲಿ ಐದಾರು ಕೋಳಿಗಳನ್ನು ಉಳಿಸಿಕೊಂಡಿದ್ದಾರೆ. ಹಳ್ಳಿಯ ಮನೆಗಳಲ್ಲಿ ಮೊಟ್ಟೆ ಮಾರಿದ ಕಾಸು ಹೆಂಗಸರ ಸ್ವಂತ ಕಾಸು. ಅದಕ್ಕೆ ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ. ಆದರೆ ದಿನಕ್ಕೆರಡು ಸಲ ಬಗ್ಗಿ ಬಾನಿ ಉಜ್ಜಿ, ಬಾವಿಯಿಂದ ನೀರು ತಂದು ತುಂಬಲು ಮಂಡಿ, ಸೊಂಟ ಒಪ್ಪಬೇಕಲ್ಲ! ಹಲವು ಮನೆಗಳಲ್ಲಿ ಕೋಳಿಗಳು ಮಾರಾಟವಾಗುವುದು ಬೆಲೆ ಬಂದಿತೆಂದಲ್ಲ, ಬಗ್ಗಲಾಗದೆಂದು. ರಜೆಗೆ ಹೋದ ಮೊಮ್ಮಗನೋ ಮೊಮ್ಮಗಳೋ ಒಂದು ಬೆಳಗ್ಗೆ ಕೈಹಚ್ಚಿದರೆ ಆ ಕೆಲಸವನ್ನು ಬಹಳಷ್ಟು ಹಗುರ ಮಾಡಬಹುದು.

ಎಷ್ಟು ನೀರು ಬೇಕು?

ಬೆಳೆದ ಹೇಂಟೆ, ಅಂದರೆ ಹೆಣ್ಣು ಕೋಳಿ, ಸಾಧಾರಣ ಹವೆಯಲ್ಲಿ ದಿನಕ್ಕೆ ಸುಮಾರು ಕಾಲು ಲೀಟರು ನೀರು ಕುಡಿಯುತ್ತದೆ. ತಿಂದ ಕಾಳಿನ ತೂಕದ ಸುಮಾರು ಎರಡರಷ್ಟು ಎಂದು ನೆನಪಿಟ್ಟರೂ ಸಾಕು. ಕೋಳಿಗೆ ನಮ್ಮಂತೆ ಬೆವರುವ ಗ್ರಂಥಿಗಳಿಲ್ಲ. ಸೆಕೆಯಾದಾಗ ಕೊಕ್ಕು ತೆರೆದು ಏದುಸಿರು ಬಿಟ್ಟು, ಉಸಿರಿನ ತೇವದ ಮೂಲಕವೇ ಮೈಯ ಕಾವನ್ನು ಹೊರಹಾಕುತ್ತದೆ. ಆದ್ದರಿಂದ ಏಪ್ರಿಲ್-ಮೇ ತಿಂಗಳಲ್ಲಿ ಅದರ ಬಾಯಾರಿಕೆ ಎರಡು ಪಟ್ಟಾಗುವುದುಂಟು. ಆರು ಕೋಳಿಗಳಿಗೆ ಮಳೆಗಾಲದಲ್ಲಿ ದಿನಕ್ಕೆ ಒಂದೂವರೆ ಲೀಟರು ಸಾಕಾದರೆ ಬೇಸಿಗೆಯಲ್ಲಿ ಮೂರು ಲೀಟರು ಬೇಕು. ಬಿಸಿಲಿನಲ್ಲಿ ಕಾದ ನೀರನ್ನು ಕೋಳಿ ಮುಟ್ಟುವುದಿಲ್ಲ. ಪಾತ್ರೆ ತುಂಬಿದ್ದರೂ ಅದು ಬಾಯಾರಿಯೇ ಇರಬಹುದು.

ಕೊಳೆ ಎಲ್ಲಿಂದ ಬರುತ್ತದೆ?

ಕೋಳಿ ನೀರು ಕುಡಿಯುವುದನ್ನು ಒಮ್ಮೆ ಕುಳಿತು ನೋಡಿ. ನಮ್ಮಂತೆ ಹೀರಲು ಅದಕ್ಕೆ ಬಾರದು. ಕೊಕ್ಕನ್ನು ಅದ್ದಿ, ಒಂದಿಷ್ಟು ನೀರನ್ನು ಬಾಚಿಕೊಂಡು, ತಲೆಯೆತ್ತಿ ಗಂಟಲಿಗೆ ಇಳಿಸಿಕೊಳ್ಳುತ್ತದೆ. ಪ್ರತಿ ಸಲ ಅದ್ದಿದಾಗಲೂ ಕೊಕ್ಕಿನ ಹಿಟ್ಟು, ಜೊಲ್ಲು, ನೆಗಡಿಯಿದ್ದರೆ ಮೂಗಿನ ಸಿಂಬಳ ನೀರಿಗೆ ಸೇರುತ್ತವೆ. ಮಣ್ಣು ಕೆದಕುವುದು ಅದರ ಹುಟ್ಟುಗುಣವಾದ್ದರಿಂದ ಕಸ, ಹಿಕ್ಕೆ, ಹೊಟ್ಟು ಎಲ್ಲವೂ ತಗ್ಗಿನಲ್ಲಿರುವ ಬಾನಿಗೆ ಹಾರಿ ಬೀಳುತ್ತವೆ. ಮೇಲೆ ಬಿಸಿಲು ಬಿದ್ದರೆ ಎರಡು-ಮೂರು ದಿನದಲ್ಲಿ ಹಸುರು ಪಾಚಿ. ಒಳಮೈಯನ್ನು ಬೆರಳಿನಿಂದ ಸವರಿದರೆ ಲೋಳೆ. ಆ ಲೋಳೆ ರೋಗಾಣುಗಳು ಕಟ್ಟಿಕೊಂಡ ಮನೆ. ಬರೀ ನೀರು ಚೆಲ್ಲಿ ಹೊಸದು ತುಂಬಿದರೆ ಅದು ಹೋಗುವುದಿಲ್ಲ, ಉಜ್ಜಿದರೆ ಮಾತ್ರ ಹೋಗುತ್ತದೆ.

ಇದು ಕೇವಲ ಚೊಕ್ಕಟದ ಪ್ರಶ್ನೆಯಲ್ಲ. ಮರಿಗಳನ್ನು ಸಾಲುಸಾಲಾಗಿ ಬಲಿ ತೆಗೆದುಕೊಳ್ಳುವ ರಕ್ತಭೇದಿ, ಅಂದರೆ ಕಾಕ್ಸಿಡಿಯೋಸಿಸ್, ಹಿಕ್ಕೆಯಿಂದ ಬಾಯಿಗೆ ಹರಡುವ ರೋಗ. ಬಾನಿಯ ಸುತ್ತಲಿನ ಒದ್ದೆ ನೆಲವೇ ಅದರ ತವರು. ಕೊಕ್ಕರೆ ರೋಗವೆಂದು ಊರಿನಲ್ಲಿ ಕರೆಯುವ ರಾಣಿಖೇತ್ ರೋಗವೂ ಕಾಯಿಲೆ ಬಿದ್ದ ಹಕ್ಕಿ ಕುಡಿದ ನೀರಿನಿಂದ ಹರಡಬಲ್ಲದು. ಇನ್ನು ಹಕ್ಕಿಜ್ವರ. ಭಾರತದಲ್ಲಿ ಅದು ಮೊದಲು ಕಾಣಿಸಿಕೊಂಡದ್ದು 2006ರ ಫೆಬ್ರವರಿಯಲ್ಲಿ, ಮಹಾರಾಷ್ಟ್ರದ ನಂದೂರ್‌ಬಾರ್ ಜಿಲ್ಲೆಯ ನವಾಪುರದಲ್ಲಿ. ತೆರೆದಿಟ್ಟ ನೀರಿಗೆ ಕಾಗೆ, ಪಾರಿವಾಳ, ಬಾತುಗಳು ಬಂದಿಳಿಯುವುದನ್ನು ತಪ್ಪಿಸಬೇಕೆಂದು ಪಶುವೈದ್ಯರು ಒತ್ತಿ ಹೇಳುವುದು ಇದಕ್ಕಾಗಿಯೇ.

ಖರ್ಚಿಲ್ಲದ ಉಪಾಯಗಳು

ಹೊಸ ಸಲಕರಣೆ ಕೊಳ್ಳುವ ಮೊದಲು ಇರುವ ಪಾತ್ರೆಯಲ್ಲೇ ನಾಲ್ಕು ತಿದ್ದುಪಡಿ ಮಾಡಬಹುದು.

ಮೊದಲನೆಯದು ಎತ್ತರ. ಪಾತ್ರೆಯ ಅಂಚು ಕೋಳಿಯ ಬೆನ್ನಿನ ಮಟ್ಟಕ್ಕೆ ಬರುವಂತೆ ಎರಡು ಇಟ್ಟಿಗೆಯ ಮೇಲಿಡಿ. ಕೆದಕಿದ ಕಸದಲ್ಲಿ ಬಹುಪಾಲು ಅಲ್ಲಿಯವರೆಗೆ ಏರುವುದಿಲ್ಲ. ಎರಡನೆಯದು ಜಾಗ. ರಾತ್ರಿ ಕೋಳಿಗಳು ಕೂರುವ ಅಡ್ಡಗೋಲಿನ ಕೆಳಗೆ ನೀರಿಡಬಾರದು. ಕಾಳಿನ ತಟ್ಟೆಗೂ ನೀರಿಗೂ ನಾಲ್ಕೈದು ಹೆಜ್ಜೆ ದೂರವಿದ್ದರೆ ಕೊಕ್ಕಿನ ಹಿಟ್ಟು ದಾರಿಯಲ್ಲೇ ಉದುರುತ್ತದೆ. ಮೂರನೆಯದು ನೆರಳು. ಬೆಳಕು ತೂರದ ಪಾತ್ರೆಯಲ್ಲಿ ಪಾಚಿ ಬೆಳೆಯದು. ಪಾರದರ್ಶಕ ಡಬ್ಬಿಯಾದರೆ ಸುತ್ತಲೂ ಗೋಣಿತಾಟು ಸುತ್ತಿ ಆಗಾಗ ಒದ್ದೆ ಮಾಡಿ. ಬೆಳಕೂ ತಡೆಯುತ್ತದೆ, ನೀರೂ ತಂಪಾಗಿರುತ್ತದೆ. ನಾಲ್ಕನೆಯದು ಒಣ ನೆಲ. ಪಾತ್ರೆಯ ಸುತ್ತ ಒಂದಡಿ ಅಗಲಕ್ಕೆ ಜಲ್ಲಿ ಹಾಸಿದರೆ ಚೆಲ್ಲಿದ ನೀರು ಇಂಗುತ್ತದೆ, ಕೆಸರಾಗುವುದಿಲ್ಲ.

ಹಿಂದೆ ನಮ್ಮ ಮನೆಗಳಲ್ಲಿ ಪಿಳ್ಳೆಗಳಿಗೆ ತೆಂಗಿನ ಕರಟದಲ್ಲಿ ನೀರಿಡುತ್ತಿದ್ದರು. ಅದರ ಹಿಂದೆ ಜಾಣತನವಿದೆ. ಕರಟ ಚಿಕ್ಕದು, ಮರಿ ಮುಳುಗುವುದಿಲ್ಲ. ಕೊಳೆಯಾದರೆ ಎಸೆದು ಬೇರೆ ಕರಟ ಇಟ್ಟರಾಯಿತು. ತಟ್ಟೆಯಲ್ಲಿಡುವುದಾದರೆ ನಾಲ್ಕು ತೊಳೆದ ಬೆಣಚುಕಲ್ಲು ಹಾಕಿಡುವುದು ಕ್ಷೇಮ.

ಬೋರಲು ಡಬ್ಬಿ

ಐದು ಲೀಟರಿನ ಡಬ್ಬಿಯ ಬಾಯಿಯ ಹತ್ತಿರ ಒಂದು ರಂಧ್ರ ಮಾಡಿ, ನೀರು ತುಂಬಿ, ಮುಚ್ಚಳ ಬಿಗಿದು, ಅಗಲವಾದ ತಟ್ಟೆಯಲ್ಲಿ ಬೋರಲು ಹಾಕುವುದು ಎರಡನೆಯ ವಿಧಾನ. ರಂಧ್ರ ತಟ್ಟೆಯ ಅಂಚಿಗಿಂತ ಕೆಳಗಿರಬೇಕು, ಇಲ್ಲವಾದರೆ ನೀರೆಲ್ಲ ಹೊರಗೆ ಹರಿದುಹೋಗುತ್ತದೆ. ತಟ್ಟೆಯ ನೀರು ರಂಧ್ರವನ್ನು ಮುಚ್ಚಿದ ಕೂಡಲೇ ಒಳಗೆ ಗಾಳಿ ಹೋಗುವ ದಾರಿ ಮುಚ್ಚಿ, ಹರಿವು ತಾನಾಗಿ ನಿಲ್ಲುತ್ತದೆ. ಕೋಳಿ ಕುಡಿದು ಮಟ್ಟ ಇಳಿದಂತೆ ಒಂದು ಗುಳ್ಳೆ ಒಳಗೆ, ಒಂದಿಷ್ಟು ನೀರು ಹೊರಗೆ. ಶಾಲೆಯಲ್ಲಿ ಟೊರಿಚೆಲ್ಲಿಯ ವಾಯುಭಾರ ಮಾಪಕವನ್ನು ಬಾಯಿಪಾಠ ಮಾಡಿದ್ದೀರಲ್ಲ, ಅದೇ ತತ್ತ್ವ ಇಲ್ಲಿ ಕೋಳಿಗೆ ನೀರು ಬಡಿಸುತ್ತದೆ.

ಇದರಲ್ಲಿ ನೀರಿನ ಬಹುಪಾಲು ಮುಚ್ಚಿಕೊಂಡೇ ಇರುತ್ತದೆ. ಆದರೆ ತಟ್ಟೆ ತೆರೆದಿರುವುದರಿಂದ ದಿನಕ್ಕೊಮ್ಮೆ ಅದನ್ನು ತೊಳೆಯುವುದು ತಪ್ಪುವುದಿಲ್ಲ.

ನಿಪ್ಪಲ್ ಬಕೆಟ್

ಎಲ್ಲಕ್ಕಿಂತ ಕಡಿಮೆ ದುಡಿಮೆಯದು ನಿಪ್ಪಲ್ ವಿಧಾನ. ದೊಡ್ಡ ಕೋಳಿ ಫಾರಂಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಇದನ್ನು ಮನೆಯ ಮಟ್ಟಕ್ಕೆ ಇಳಿಸುವುದು ಸುಲಭ. ಬೆರಳುದ್ದದ ಈ ಸಲಕರಣೆಯ ತುದಿಯಲ್ಲಿ ಒಂದು ಲೋಹದ ಕಡ್ಡಿಯಿರುತ್ತದೆ. ಕೋಳಿ ಅದನ್ನು ಕುಟುಕಿದಾಗ ಹನಿ ಬೀಳುತ್ತದೆ, ಬಿಟ್ಟಾಗ ನಿಲ್ಲುತ್ತದೆ. ಹಿಕ್ಕೆಗಾಗಲಿ ಕಾಗೆಗಾಗಲಿ ನೀರಿನೊಳಗೆ ದಾರಿಯೇ ಇಲ್ಲ.

ಮುಚ್ಚಳವಿರುವ, ಬೆಳಕು ತೂರದ, ಆಹಾರಕ್ಕೆ ಬಳಸಲು ಯೋಗ್ಯವಾದ 10 ಲೀಟರಿನ ಬಕೆಟ್ ತೆಗೆದುಕೊಳ್ಳಿ. ಬಣ್ಣ, ಕೀಟನಾಶಕ ತುಂಬಿದ್ದ ಡಬ್ಬ ಬೇಡವೇ ಬೇಡ. ನಿಪ್ಪಲ್ಲಿನ ತಿರುಪಿಗಿಂತ ತುಸು ಚಿಕ್ಕದಾಗಿ ತಳದಲ್ಲಿ ರಂಧ್ರ ಕೊರೆದು, ತಿರುಪಿಗೆ ಟೆಫ್ಲಾನ್ ಟೇಪು ಸುತ್ತಿ ಬಿಗಿಯಿರಿ. ಮೂರು-ನಾಲ್ಕು ಕೋಳಿಗೆ ಒಂದರಂತೆ ಲೆಕ್ಕ ಹಾಕಿ, ಒಂದು ಹೆಚ್ಚಿಗೆ ಇರಲಿ. ಒಂದು ಕಟ್ಟಿಕೊಂಡರೂ ಉಳಿದವು ನಡೆಯುತ್ತವೆ. ಮುಚ್ಚಳದಲ್ಲಿ ಗುಂಡುಸೂಜಿಗಿಂತ ತುಸು ದೊಡ್ಡದಾದ ಗಾಳಿರಂಧ್ರ ಬೇಕು, ಇಲ್ಲವಾದರೆ ಒಳಗೆ ನಿರ್ವಾತ ಉಂಟಾಗಿ ನೀರು ಇಳಿಯದು. ಬಕೆಟನ್ನು ನೆರಳಿನಲ್ಲಿ ತೂಗುಹಾಕಿ. ಕೋಳಿ ಕತ್ತು ನೀಡಿ ಮೇಲಕ್ಕೆ ನೋಡುತ್ತ ಕುಡಿಯುವಷ್ಟು ಎತ್ತರವಿರಲಿ. ಕೆಳಗಿದ್ದರೆ ಪಕ್ಕದಿಂದ ಕುಟುಕಿ ನೀರು ಚೆಲ್ಲುತ್ತದೆ.

ಸಕಲೇಶಪುರದ ಕಡೆಯ ನಮ್ಮ ಸೋದರತ್ತೆಯ ಮನೆಯಲ್ಲಿ ಇಂಥದ್ದೊಂದನ್ನು ಕಟ್ಟಿದಾಗ ಆಕೆ ಸೊಂಟಕ್ಕೆ ಕೈಯಿಟ್ಟು, 'ಇದೇನೋ, ಕೋಳೀನ ತೊಟ್ಟಿಲ ಕೂಸು ಮಾಡಿದೆಯಲ್ಲ!' ಎಂದು ನಕ್ಕರು. ಅವರ ಅನುಮಾನದಲ್ಲಿ ಅರ್ಥವಿತ್ತು. ಕೋಳಿಗೆ ತೆರೆದ ನೀರೇ ಇಷ್ಟ. ಹಳೆಯ ಬಾನಿ ಪಕ್ಕದಲ್ಲಿರುವವರೆಗೆ ಒಂದೂ ಬಕೆಟಿನತ್ತ ತಿರುಗಲಿಲ್ಲ. ಹಾಗೆಂದು ಬಾನಿಯನ್ನು ಒಮ್ಮೆಲೇ ಕಿತ್ತುಕೊಳ್ಳುವುದೂ ಸಲ್ಲ. ಬೆಳಗಿನ ತಂಪಿನಲ್ಲಿ ಎರಡು ಗಂಟೆ ಬಾನಿ ತೆಗೆದು, ಕಡ್ಡಿಯನ್ನು ಬೆರಳಿನಿಂದ ತಟ್ಟಿ ಹನಿ ತೋರಿಸಿದೆವು. ಹೊಳೆಯುವುದನ್ನು ಕುಟುಕುವುದು ಕೋಳಿಯ ಸ್ವಭಾವ. ಮೊದಲು ಒಂದು ಲಾಕಿ ಕಲಿಯಿತು, ಅದನ್ನು ನೋಡಿ ಉಳಿದವು ಕಲಿತವು. ಪ್ರತಿಯೊಂದೂ ಕುಡಿಯುವುದನ್ನು ಕಣ್ಣಾರೆ ಕಂಡ ಮೇಲೆ, ನಾಲ್ಕನೆಯ ದಿನ, ಬಾನಿಯನ್ನು ಅಟ್ಟಕ್ಕೆ ಸೇರಿಸಿದ್ದಾಯಿತು. ಲಾಕಿ ಎಂದರೆ ಇನ್ನೂ ಮೊಟ್ಟೆಗೆ ಬಾರದ ಎಳೆಯ ಹೇಂಟೆ. ಇಂಥ ಮಾತುಗಳು ನಿಮ್ಮ ನಾಲಗೆಯ ಮೇಲೂ ಉಳಿಯಲಿ.

ಅರಿಶಿನ, ವಿನೆಗರ್, ಕ್ಲೋರಿನ್

ನೀರಿಗೆ ಚಿಟಿಕೆ ಅರಿಶಿನ ಹಾಕಿದರೆ ಸಾಕೆನ್ನುವವರಿದ್ದಾರೆ. ಅರಿಶಿನದಿಂದ ನೀರು ಹಳದಿಯಾದೀತು, ಹಿಕ್ಕೆ ಬಿದ್ದ ನೀರು ಶುದ್ಧವಾಗದು. ಬೆಲ್ಲದ ನೀರನ್ನು ಸೆಕೆಗೆಂದು ಕೊಟ್ಟರೆ ಅಂದೇ ಚೆಲ್ಲಬೇಕು, ಅದು ಬೇಗ ಹುಳಿಯುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನಿಂದ ನಿಪ್ಪಲ್ಲಿನಲ್ಲಿ ಸುಣ್ಣ ಕಟ್ಟಿದರೆ ವಿನೆಗರಿನಲ್ಲಿ ನೆನೆಸಿ ತೊಳೆಯಬಹುದು. ಆದರೆ ಸತುವಿನ ಲೇಪದ ತಗಡಿನ ಪಾತ್ರೆಯಲ್ಲಿ ವಿನೆಗರ್ ಇಡಬಾರದು, ಸತು ಕರಗಿ ನೀರಿಗೆ ಸೇರುತ್ತದೆ.

ನಗರದ ನಲ್ಲಿ ನೀರಿಗೆ ಕ್ಲೋರಿನ್ ಸೇರಿಯೇ ಬರುವುದರಿಂದ ಮತ್ತೆ ಸೇರಿಸುವ ಅಗತ್ಯವಿಲ್ಲ. ತೆರೆದ ಬಾವಿಯ ನೀರಾದರೆ, 1000 ಲೀಟರಿನ ತೊಟ್ಟಿಗೆ ತಾಜಾ ಬ್ಲೀಚಿಂಗ್ ಪೌಡರ್ ಸುಮಾರು 10 ಗ್ರಾಂ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಬೆರೆಸಿ ಅರ್ಧ ಗಂಟೆ ಬಿಡುವುದು ಸಾಮಾನ್ಯ ಅಳತೆ. ಚಿಕ್ಕ ಬಕೆಟಿಗೆ ಅಂದಾಜಿನಲ್ಲಿ ಹಾಕುವುದಕ್ಕಿಂತ ಅಂಗಡಿಯ ಕ್ಲೋರಿನ್ ಮಾತ್ರೆಯನ್ನು ಚೀಟಿಯಲ್ಲಿ ಬರೆದಂತೆ ಬಳಸುವುದು ಲೇಸು. ಎರಡು ಎಚ್ಚರಿಕೆಗಳನ್ನು ಮಾತ್ರ ಮರೆಯಬೇಡಿ. ಬ್ಲೀಚನ್ನೂ ವಿನೆಗರನ್ನೂ ಎಂದಿಗೂ ಬೆರೆಸಬಾರದು, ವಿಷಾನಿಲ ಏಳುತ್ತದೆ. ರಾಣಿಖೇತ್ ರೋಗದ ಜೀವಂತ ಲಸಿಕೆಯನ್ನು ನೀರಿನಲ್ಲಿ ಕೊಡುವ ದಿನ ಕ್ಲೋರಿನ್ ಇರಕೂಡದು, ಲಸಿಕೆಯೇ ಸತ್ತುಹೋಗುತ್ತದೆ. ಆ ದಿನದ ಕ್ರಮವನ್ನು ಪಶುವೈದ್ಯರನ್ನೇ ಕೇಳಿ. ರಕ್ತಭೇದಿಯ ಜೀವಿಗೆ ಕ್ಲೋರಿನ್ನಿನ ಭಯವಿಲ್ಲ, ಅದಕ್ಕೆ ಒಣ ನೆಲವೇ ಮದ್ದು.

ತಪ್ಪಿಸಲಾಗದ ಕೆಲಸ

ಕಡಿಮೆ ಕೆಲಸವೆಂದರೆ ಕೆಲಸವೇ ಇಲ್ಲವೆಂದಲ್ಲ. ಮುಚ್ಚಿದ ಬಕೆಟಿನ ದೊಡ್ಡ ಅಪಾಯವೆಂದರೆ ಬರಿದಾದದ್ದು ಹೊರಗೆ ಕಾಣದು. ಪ್ರತಿ ಬೆಳಗ್ಗೆ ಒಂದೊಂದು ನಿಪ್ಪಲ್ಲನ್ನೂ ಬೆರಳಿನಿಂದ ತಟ್ಟಿ ಹನಿ ಬೀಳುವುದನ್ನು ನೋಡಬೇಕು. ಅರ್ಧ ನಿಮಿಷದ ಕೆಲಸ. ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ನೀರು ಬದಲಿಸಿ. ವಾರಕ್ಕೊಮ್ಮೆ ಬಕೆಟಿನ ಒಳಮೈಯನ್ನು ಬ್ರಷ್ಷಿನಿಂದ ಉಜ್ಜಿ ತೊಳೆದು, ಬಿಸಿಲಿನಲ್ಲಿ ಒಣಗಿಸಿ. ಬ್ಲೀಚ್ ಹಾಕುವುದಿದ್ದರೆ ಉಜ್ಜಿದ ಮೇಲೆಯೇ ಹಾಕಬೇಕು. ಕೊಳೆಯಿರುವಲ್ಲಿ ಅದರ ಶಕ್ತಿ ಕೊಳೆಯ ಮೇಲೆಯೇ ಮುಗಿದುಹೋಗುತ್ತದೆ. ವಾರಕ್ಕೊಮ್ಮೆ ಬರಿದು ಮಾಡುವುದರಿಂದ ಸೊಳ್ಳೆಯ ಮರಿಗಳು ರೆಕ್ಕೆ ಬರುವ ಮುನ್ನವೇ ನಾಶವಾಗುತ್ತವೆ. ಡೆಂಗ್ಯೂ ಭಯವಿರುವ ನಗರಗಳಲ್ಲಿ ಇದು ನೆರೆಹೊರೆಗೆ ನಾವು ಸಲ್ಲಿಸಬೇಕಾದ ಕರ್ತವ್ಯವೂ ಹೌದು. ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈತೊಳೆಯುವುದನ್ನು ಹೇಳಬೇಕಾಗಿಲ್ಲವಷ್ಟೆ.

ನಗರದಲ್ಲೇ ಕೋಳಿ ಸಾಕುವ ಮನಸ್ಸಿದ್ದರೆ ನಿಮ್ಮ ಹೌಸಿಂಗ್ ಸೊಸೈಟಿ ಮತ್ತು ನಗರಪಾಲಿಕೆಯ ನಿಯಮಗಳನ್ನು ಮೊದಲೇ ವಿಚಾರಿಸಿಕೊಳ್ಳಿ. ಹಿತ್ತಿಲಿಗೆ ಹೊಂದುವ ತಳಿಗಳಿಗೆ ಕೊರತೆಯಿಲ್ಲ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ, ಹೈದರಾಬಾದಿನ ರಾಜೇಂದ್ರನಗರದ ಕುಕ್ಕುಟ ಸಂಶೋಧನಾ ಕೇಂದ್ರದ ವನರಾಜ, ಎರಡೂ ನಮ್ಮ ಹವೆಗೆ ಒಗ್ಗಿದವು.

ಊರಿಗೆ ಹೊರಡುವಾಗ ಅಜ್ಜಿಗೆ ಸೀರೆ, ಸಿಹಿತಿಂಡಿ ಒಯ್ಯುವುದು ವಾಡಿಕೆ. ಒಯ್ಯಿರಿ, ಬೇಡವೆನ್ನುವುದಿಲ್ಲ. ಜೊತೆಗೆ ಚೀಲದ ಮೂಲೆಯಲ್ಲಿ ಮೂರು ನಿಪ್ಪಲ್, ಒಂದು ಟೇಪಿನ ಸುರುಳಿ, ಒಂದು ಗಟ್ಟಿ ಬ್ರಷ್ಷು ಇರಲಿ. ಮುಂದಿನ ಭಾನುವಾರ ಫೋನಿನಲ್ಲಿ 'ಊಟ ಆಯ್ತಾ?' ಎಂದು ಕೇಳಿದ ಮೇಲೆ ಮಾತು ಮುಗಿದುಹೋಯಿತೆಂದು ತಡವರಿಸಬೇಕಾಗಿಲ್ಲ. 'ಇವತ್ತು ಎಷ್ಟು ಮೊಟ್ಟೆ ಬಂತಜ್ಜಿ?' ಎಂದು ಕೇಳಿ ನೋಡಿ. ಫೋನು ಕೆಳಗಿಡಲು ಆಕೆಗೆ ಮನಸ್ಸೇ ಬಾರದು.