ನ್ಯೂಯಾರ್ಕಿನ ಸಹಿ, ನಿಪ್ಪಾಣಿಯ ತಂಬಾಕು

ರಾಷ್ಟ್ರನಾಯಕರು ಅಂತರರಾಷ್ಟ್ರೀಯ ಒಡಂಬಡಿಕೆಗೆ ಸಹಿ ಹಾಕುವ ಸಮಾರಂಭದ ಚಿತ್ರಗಳು ಓದುಗರಿಗೆ ಹೊಸತಲ್ಲ. ಉದ್ದನೆಯ ಮೇಜು, ಹಿಂದೆ ಧ್ವಜಗಳ ಸಾಲು, ಚರ್ಮದ ಹೊದಿಕೆಯ ಕಡತ, ಸಹಿಯ ನಂತರ ಹಸ್ತಲಾಘವ. ಮರುದಿನದ ಪತ್ರಿಕೆಯಲ್ಲಿ ಚಿತ್ರ ಪ್ರಕಟವಾದೊಡನೆ ಕೆಲಸ ಮುಗಿಯಿತೆಂದೇ ಬಹುಮಂದಿ ಭಾವಿಸುತ್ತಾರೆ. ವಾಸ್ತವದಲ್ಲಿ ಕೆಲಸ ಆರಂಭವಾಗುವುದೇ ಅಲ್ಲಿಂದ. ಬೆಳಗಾವಿ ಜಿಲ್ಲೆಯ ವಾಯವ್ಯ ಮೂಲೆಯ ನಿಪ್ಪಾಣಿ ಮತ್ತು ಚಿಕ್ಕೋಡಿ ತಾಲ್ಲೂಕುಗಳ ಮಟ್ಟಿಗಂತೂ ಅಂಥ ಒಂದು ಸಹಿಯ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಚೌಕಟ್ಟು ಒಡಂಬಡಿಕೆಯನ್ನು ಜಿನೀವಾದಲ್ಲಿ ವಿಶ್ವ ಆರೋಗ್ಯ ಸಭೆ ಅಂಗೀಕರಿಸಿದ್ದು 2003ರ ಮೇ 21ರಂದು. ಅದೇ ವರ್ಷದ ಸೆಪ್ಟೆಂಬರ್ 10ರಂದು ಭಾರತವು ಅದಕ್ಕೆ ಸಹಿ ಹಾಕಿತು. ಸಹಿಯ ಪುಸ್ತಕ ಆಗ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ತೆರೆದಿತ್ತು. ನಿಪ್ಪಾಣಿಯ ಕಪ್ಪು ನೆಲದಲ್ಲಿ ಬೀಡಿ ತಂಬಾಕಿನ ನಾಟಿ ಮುಗಿದು ಸಸಿಗಳು ಬೇರೂರುವ ಕಾಲವದು.

ಸಹಿ ಎಂದರೆ ಒಪ್ಪಂದದ ಪಠ್ಯಕ್ಕೆ ತಾತ್ವಿಕ ಸಮ್ಮತಿ ಮಾತ್ರ. ರಾಷ್ಟ್ರಾಧ್ಯಕ್ಷ, ಪ್ರಧಾನಿ ಮತ್ತು ವಿದೇಶಾಂಗ ಸಚಿವರು ಪ್ರತ್ಯೇಕ ಅಧಿಕಾರಪತ್ರವಿಲ್ಲದೆಯೇ ಸಹಿ ಮಾಡಬಹುದು. ಉಳಿದವರು ಸಾಮಾನ್ಯವಾಗಿ ಅಂಥ ಪತ್ರ ತರಬೇಕು. ಸಹಿ ಹಾಕಿದ ರಾಷ್ಟ್ರವು ಒಪ್ಪಂದದ ಉದ್ದೇಶವನ್ನೇ ಬುಡಮೇಲು ಮಾಡುವಂತಿಲ್ಲ, ಅಷ್ಟೆ. ಪೂರ್ಣ ಬದ್ಧತೆ ಬರುವುದು ದೃಢೀಕರಣದಿಂದ. ಅಮೆರಿಕವು 2004ರ ಮೇ 10ರಂದು ಈ ಒಡಂಬಡಿಕೆಗೆ ಸಹಿ ಹಾಕಿತಾದರೂ ಇಂದಿಗೂ ದೃಢೀಕರಿಸಿಲ್ಲ. ಜಿನೀವಾ ನಗರವನ್ನು ಹೊಂದಿರುವ ಸ್ವಿಟ್ಜರ್ಲೆಂಡಿನದೂ ಅದೇ ಕಥೆ. ನಾರ್ವೆ ಮಾತ್ರ ಸಹಿಗೆ ಪುಸ್ತಕ ತೆರೆದ 2003ರ ಜೂನ್ 16ರಂದೇ ಎರಡೂ ಕೆಲಸ ಮುಗಿಸಿತು.

ಭಾರತದಲ್ಲಿ ದೃಢೀಕರಣಕ್ಕೆ ಸಂಸತ್ತಿನ ಒಪ್ಪಿಗೆ ಕಡ್ಡಾಯವಲ್ಲ. ಕೇಂದ್ರ ಸಚಿವ ಸಂಪುಟದ ತೀರ್ಮಾನದಂತೆ ರಾಷ್ಟ್ರಪತಿಗಳ ಸಹಿಯುಳ್ಳ ಪತ್ರವನ್ನು ಸಲ್ಲಿಸಿದರೆ ಸಾಕು. ಆ ಪತ್ರ ಸಲ್ಲಿಕೆಯಾದದ್ದು 2004ರ ಫೆಬ್ರುವರಿ 5ರಂದು. ನಲವತ್ತು ರಾಷ್ಟ್ರಗಳ ದೃಢೀಕರಣ ಪೂರ್ಣಗೊಂಡು ಒಡಂಬಡಿಕೆ ಜಾರಿಗೆ ಬಂದದ್ದು 2005ರ ಫೆಬ್ರುವರಿ 27ರಂದು. ಕೃಷಿಯಾಗಲಿ ಸಾರ್ವಜನಿಕ ಆರೋಗ್ಯವಾಗಲಿ ರಾಜ್ಯಪಟ್ಟಿಯ ವಿಷಯವಲ್ಲವೇ ಎಂಬ ಪ್ರಶ್ನೆ ಏಳಬಹುದು. ಹೌದು. ಆದರೆ ಒಪ್ಪಂದ ಮಾಡಿಕೊಳ್ಳುವುದು ಕೇಂದ್ರಪಟ್ಟಿಗೆ ಸೇರಿದ್ದು. ಅದನ್ನು ಜಾರಿಗೊಳಿಸಲು ರಾಜ್ಯಪಟ್ಟಿಯ ವಿಷಯದಲ್ಲೂ ಕಾನೂನು ಮಾಡುವ ಅಧಿಕಾರವನ್ನು ಸಂವಿಧಾನದ 253ನೇ ವಿಧಿ ಸಂಸತ್ತಿಗೆ ನೀಡಿದೆ. ಹೀಗಾಗಿ ನಿಪ್ಪಾಣಿಯ ಬೆಳೆಗೆ ಸಂಬಂಧಿಸಿದ ಒಪ್ಪಂದಕ್ಕೆ ಬೆಂಗಳೂರಿನ ಸಹಿ ಬೇಕಾಗಲಿಲ್ಲ.

ಈ ಬೆಳೆಯ ಹಿಂದೆ ರಕ್ತದ ಚರಿತ್ರೆಯಿದೆ. ನ್ಯಾಯವಾದ ಬೆಲೆ ಕೇಳಿ ತಂಬಾಕು ಬೆಳೆಗಾರರು ಶೇತಕರಿ ಸಂಘಟನೆಯ ಶರದ್ ಜೋಶಿ ಅವರ ನೇತೃತ್ವದಲ್ಲಿ 1981ರಲ್ಲಿ ನಿಪ್ಪಾಣಿಯ ಬಳಿ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ವಾರಗಟ್ಟಲೆ ಕುಳಿತರು. ಏಪ್ರಿಲ್ 6ರಂದು ನಡೆದ ಪೊಲೀಸ್ ಗೋಲಿಬಾರಿನಲ್ಲಿ ಹತ್ತಕ್ಕೂ ಹೆಚ್ಚು ರೈತರು ಪ್ರಾಣ ಕಳೆದುಕೊಂಡರು. ಹುಣಸೂರು, ಪಿರಿಯಾಪಟ್ಟಣದ ವರ್ಜೀನಿಯಾ ತಂಬಾಕಿಗೆ 1975ರ ಕಾಯ್ದೆಯಡಿ ರಚಿತವಾದ ತಂಬಾಕು ಮಂಡಳಿಯ ಹರಾಜುಕಟ್ಟೆ ಇದೆ. ನಿಪ್ಪಾಣಿಯ ಬೀಡಿ ತಂಬಾಕಿಗೆ ಆ ಮಂಡಳಿಯ ಹರಾಜು ಅಂದೂ ಇರಲಿಲ್ಲ, ಇಂದೂ ಇಲ್ಲ. ಬೆಲೆ ಹೇಳುವವನು ವ್ಯಾಪಾರಿ.

ಇನ್ನು ಒಡಂಬಡಿಕೆಯ ಪಠ್ಯವನ್ನೇ ಓದಬೇಕು. ಪೊಟ್ಟಣದ ಮೇಲಿನ ಎಚ್ಚರಿಕೆಯನ್ನು ಕುರಿತ 11ನೇ ವಿಧಿಗೆ ಮೂರು ವರ್ಷಗಳ ಗಡುವಿದೆ. ಜಾಹೀರಾತು ನಿಷೇಧದ 13ನೇ ವಿಧಿಗೆ ಐದು ವರ್ಷ. ತಂಬಾಕನ್ನೇ ನೆಚ್ಚಿದ ಕಾರ್ಮಿಕರು, ಬೆಳೆಗಾರರು ಹಾಗೂ ಚಿಲ್ಲರೆ ಮಾರಾಟಗಾರರಿಗೆ ಲಾಭದಾಯಕ ಪರ್ಯಾಯ ಒದಗಿಸಬೇಕೆನ್ನುವ 17ನೇ ವಿಧಿಗೆ ಗಡುವೇ ಇಲ್ಲ. ‘ಸೂಕ್ತವೆನಿಸಿದಂತೆ’ ಎಂಬ ಅರ್ಥದ ಪದವೊಂದು ಮಾತ್ರ ಅಲ್ಲಿದೆ. ನಿಪ್ಪಾಣಿಯ ಅಹವಾಲು ಇರುವುದು ಈ ಪದದಲ್ಲಿಯೇ ಎಂಬುದು ಈ ಲೇಖಕನ ಅಭಿಪ್ರಾಯ.

ಗಡುವಿದ್ದ ವಿಧಿಗಳೂ ಸಲೀಸಾಗಿ ಜಾರಿಯಾಗಲಿಲ್ಲ ಎನ್ನುವುದು ಬೇರೆ ಮಾತು. ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2003ರ ಮೇ 18ರಂದು, ಅಂದರೆ ಜಿನೀವಾದ ಅಂಗೀಕಾರಕ್ಕೆ ಮೂರು ದಿನ ಮೊದಲೇ. ಆದರೂ ಚಿತ್ರಸಹಿತ ಎಚ್ಚರಿಕೆ ಜಾರಿಯಾಗಲು 2009ರ ಮೇ 31 ಬರಬೇಕಾಯಿತು. ಎಚ್ಚರಿಕೆಯ ವಿಸ್ತಾರವನ್ನು 2016ರ ಏಪ್ರಿಲ್ 1ರಿಂದ ಶೇ 85ಕ್ಕೆ ಏರಿಸಿದ ನಿಯಮವನ್ನು 2017ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ರದ್ದುಪಡಿಸಿತು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ಬೆಲೆ ಮತ್ತು ತೆರಿಗೆಯ ಮೂಲಕ ಬಳಕೆ ತಗ್ಗಿಸಬೇಕೆನ್ನುತ್ತದೆ 6ನೇ ವಿಧಿ. ಜಿಎಸ್‌ಟಿ ಮಂಡಳಿಯಾದರೋ 2025ರ ಸೆಪ್ಟೆಂಬರಿನಲ್ಲಿ ಇತರ ತಂಬಾಕು ಉತ್ಪನ್ನಗಳಿಗೆ ಶೇ 40ರ ದರ ನಿರ್ಧರಿಸಿ, ಬೀಡಿಯ ದರವನ್ನು ಶೇ 28ರಿಂದ 18ಕ್ಕೆ ಇಳಿಸಲು ತೀರ್ಮಾನಿಸಿತು. ಬೀಡಿ ಕಾರ್ಮಿಕರ ಹಿತ ಒಂದು ಕಡೆ, ಬೀಡಿ ಸೇದುವ ಬಡವನ ಶ್ವಾಸಕೋಶ ಇನ್ನೊಂದು ಕಡೆ.

ಪರ್ಯಾಯ ಬೆಳೆಯ ಮಾತಿಗೆ ಬಂದರೆ, ಕೇಂದ್ರದ ಬೆಳೆ ವೈವಿಧ್ಯೀಕರಣ ಕಾರ್ಯಕ್ರಮವನ್ನು ಕರ್ನಾಟಕವೂ ಸೇರಿದಂತೆ ತಂಬಾಕು ಬೆಳೆಯುವ ರಾಜ್ಯಗಳಿಗೆ ವಿಸ್ತರಿಸಿದ್ದು 2015–16ರಲ್ಲಿ. ದೃಢೀಕರಣವಾಗಿ ಆಗಲೇ ಹನ್ನೊಂದು ವರ್ಷ ಸಂದಿತ್ತು. ಈ ಸೀಮೆಯಲ್ಲಿ ರೈತನ ಆಯ್ಕೆಯನ್ನು ಹೆಚ್ಚಾಗಿ ನಿರ್ಧರಿಸಿದ್ದು ನೀರು. ಕೃಷ್ಣೆಯ ದಂಡೆಯ ರಾಯಬಾಗ, ಅಥಣಿ, ಕಾಗವಾಡ ಭಾಗದಲ್ಲಿ ಕಬ್ಬು ಹಳೆಯ ಬೆಳೆ. ಉಗಾರದ ಸಕ್ಕರೆ ಕಾರ್ಖಾನೆ ಸ್ವಾತಂತ್ರ್ಯಪೂರ್ವದ್ದು. ದೂಧಗಂಗಾ, ವೇದಗಂಗಾ ನದಿಗಳ ನೀರು ತಲುಪಿದ ನಿಪ್ಪಾಣಿ, ಚಿಕ್ಕೋಡಿಯ ಹೊಲಗಳಲ್ಲೂ ಕಬ್ಬು ನಿಂತಿದೆ. ಮಳೆಯಾಶ್ರಿತ ಭೂಮಿಗೆ ಸೋಯಾ ಬಂದಿದೆ. ತಂಬಾಕು ಮಳೆಯಾಶ್ರಿತ ಬೆಳೆಯಾದ್ದರಿಂದ, ನೀರಿಲ್ಲದ ಹೊಲದ ರೈತನಿಗೆ ಕಬ್ಬು ಪರ್ಯಾಯವೇ ಅಲ್ಲ. ಕಬ್ಬು ಬೆಳೆದವನೂ ನಿಶ್ಚಿಂತನಲ್ಲ. 2025ರ ನವೆಂಬರಿನಲ್ಲಿ ನೆರೆಯ ಮೂಡಲಗಿ ತಾಲ್ಲೂಕಿನ ಗುರ್ಲಾಪುರದಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿ ರಸ್ತೆಯಲ್ಲಿ ಕುಳಿತಿದ್ದರು.

ಭೂಮಿಯೇ ಇಲ್ಲದವರ ಪ್ರಸ್ತಾಪ ಉಳಿಯಿತು. ನಿಪ್ಪಾಣಿಯ ವಖಾರಿಗಳಲ್ಲಿ ತಂಬಾಕನ್ನು ಬಡಿದು, ಸೋಸಿ, ತರ ಬೇರ್ಪಡಿಸುತ್ತಿದ್ದ ಸಾವಿರಾರು ಮಹಿಳೆಯರು ಘಾಟು ದೂಳಿನ ನಡುವೆ ದುಡಿಯುತ್ತಲೇ ಸಂಘ ಕಟ್ಟಿದವರು. ಅವರ ಹೋರಾಟವನ್ನು ಯುಗಾಂತರ ಎಂಬ ಮಹಿಳಾ ತಂಡ 1982ರಲ್ಲಿ ‘ತಂಬಾಕು ಚಾಕಿಲ ಊಬ್ ಆಲಿ’ ಎಂಬ ಸಾಕ್ಷ್ಯಚಿತ್ರದಲ್ಲಿ ದಾಖಲಿಸಿತು. 17ನೇ ವಿಧಿಯು ಪರ್ಯಾಯಕ್ಕೆ ಅರ್ಹರಾದವರನ್ನು ಪಟ್ಟಿ ಮಾಡುವಾಗ ಮೊದಲು ಹೆಸರಿಸಿರುವುದು ಕಾರ್ಮಿಕರನ್ನು, ಆ ಮೇಲೆ ಬೆಳೆಗಾರರನ್ನು. ಬೆಳೆ ವೈವಿಧ್ಯೀಕರಣದ ನೆರವಾದರೋ ಹೊಲವುಳ್ಳ ರೈತನಿಗೆ ಸಲ್ಲುತ್ತದೆ. ವಖಾರಿಯ ಹೆಂಗಸರಿಗೆ ಹೊಲವಿಲ್ಲ.