ಮೊದಲು ವೀಸಾ, ಆಮೇಲೆ ಟಿಕೆಟ್ಟು

ನಮ್ಮ ಕಾಲೇಜಿನ ಹಿರಿಯ ಮಿತ್ರರೊಬ್ಬರು ಪ್ಯಾರಿಸ್ಸಿನಲ್ಲಿರುವ ಮಗಳ ಚೊಚ್ಚಲ ಮಗುವನ್ನು ಎತ್ತಿ ಆಡಿಸಲು ಸಪತ್ನೀಕರಾಗಿ ಹೊರಟರು. ಟಿಕೆಟ್ಟು ಕೊಂಡದ್ದಾಯಿತು, ಅಂಟಿನ ಉಂಡೆಯೂ ಸಿದ್ಧವಾಯಿತು. ವೀಸಾ ನೆನಪಾದದ್ದು ಹತ್ತೇ ದಿನ ಉಳಿದಾಗ! ತೊಟ್ಟಿಲ ಶಾಸ್ತ್ರದ ದಿನ ಅಜ್ಜ-ಅಜ್ಜಿ ಬೆಂಗಳೂರಿನಲ್ಲಿಯೇ ಇದ್ದರು.

1985ರಲ್ಲಿ ಲಕ್ಸೆಂಬರ್ಗಿನ ಷೆಂಗೆನ್ ಗ್ರಾಮದಲ್ಲಿ ಆದ ಒಪ್ಪಂದದ ಫಲವಾಗಿ ಇಂದು ಯೂರೋಪಿನ 29 ದೇಶಗಳನ್ನು ಒಂದೇ ವೀಸಾದಿಂದ ಸುತ್ತಬಹುದು. ಆದರೆ 180 ದಿನಗಳ ಅವಧಿಯಲ್ಲಿ 90 ದಿನ ಮೀರಿ ತಂಗುವಂತಿಲ್ಲ. ಹಲವು ದೇಶಗಳಿಗೆ ಹೋಗುವವರು ಅತಿ ಹೆಚ್ಚು ದಿನ ಉಳಿಯುವ ದೇಶದ ಕಾನ್ಸಲೇಟಿಗೇ ಅರ್ಜಿ ಸಲ್ಲಿಸತಕ್ಕದ್ದು. ಪ್ರಯಾಣಕ್ಕೆ 6 ತಿಂಗಳು ಮೊದಲೇ ಅರ್ಜಿ ಹಾಕಬಹುದು. 15 ದಿನಕ್ಕಿಂತ ತಡಮಾಡಬಾರದು. ತೀರ್ಮಾನಕ್ಕೆ ಸಾಧಾರಣವಾಗಿ 15 ದಿನ, ಒಮ್ಮೊಮ್ಮೆ 45 ದಿನವೂ ಹಿಡಿಯುವುದುಂಟು. ಪಾಸ್‌ಪೋರ್ಟಿನ ಅವಧಿ ಅಲ್ಲಿಂದ ಹೊರಡುವ ದಿನದಾಚೆಗೂ 3 ತಿಂಗಳಿರಬೇಕು; 30,000 ಯೂರೋಗಳ ವೈದ್ಯಕೀಯ ವಿಮೆಯೂ ಅವಶ್ಯ. 2024ರ ಜೂನ್‌ನಿಂದ ವಯಸ್ಕರಿಗೆ ಶುಲ್ಕ 90 ಯೂರೋ. ವೀಸಾ ನಿರಾಕರಿಸಲ್ಪಟ್ಟರೂ ಅದು ಮರಳಿ ಬಾರದು. ನಿರಾಕರಣೆಯ ಕಾರಣವನ್ನು ಬರಹದಲ್ಲಿಯೇ ಕೊಡುತ್ತಾರೆ, ಮೇಲ್ಮನವಿಗೂ ಅವಕಾಶವುಂಟು.

ಮಿತ್ರರು ಈ ಸಲ ಮೂರು ತಿಂಗಳು ಮುಂಚಿತವಾಗಿಯೇ ಅರ್ಜಿ ಹಾಕಿದರು. ಮೊನ್ನೆ ವೀಸಾ ಕೈಸೇರಿತು. ಮೊಮ್ಮಗಳು ಈಗಾಗಲೇ ಅಂಬೆಗಾಲಿಡುತ್ತಿದ್ದಾಳಂತೆ. ಅಜ್ಜಿ ಅಂಟಿನ ಉಂಡೆಯ ಬದಲು ಪುಟ್ಟ ಕಾಲ್ಗೆಜ್ಜೆ ಕಟ್ಟಿಕೊಂಡಿದ್ದಾರೆ.