ಭಾಷಣಕ್ಕೆ ಆಕರ: ವಿದ್ಯಾರ್ಥಿಗಳಿಗೊಂದು ಕಿವಿಮಾತು

ನಮ್ಮ ಶಾಲೆಯಲ್ಲಿ ಕಲಿತು ಕಾಲೇಜು ಸೇರಿದ ಮಕ್ಕಳು ಭಾಷಣ ಸ್ಪರ್ಧೆಯ ಮುನ್ನಾದಿನ ನನ್ನಲ್ಲಿಗೆ ಬಂದು, "ಮಾಷ್ಟ್ರೇ, ನಾಲ್ಕು ವಿಷಯ ಹೇಳಿಕೊಡಿ" ಎಂದು ಕೇಳುವುದುಂಟು. ಹಿಂದೊಮ್ಮೆ ಹೀಗೆ ಬಂದವನಿಗೆ, ಮಹಾಜನ ಆಯೋಗವು ಕಾಸರಗೋಡನ್ನು ಇಡಿಯಾಗಿ ಮೈಸೂರಿಗೆ ಸೇರಿಸಬೇಕೆಂದಿತ್ತು ಎಂದು ನೆನಪಿನಿಂದಲೇ ಹೇಳಿದೆ. 1967ರ ಆ ವರದಿಯ ಶಿಫಾರಸು ಚಂದ್ರಗಿರಿ, ಪಯಸ್ವಿನಿ ಹೊಳೆಗಳ ಉತ್ತರ ಭಾಗಕ್ಕೆ ಮಾತ್ರ ಸಂಬಂಧಿಸಿದ್ದೆಂದು ಎದುರಾಳಿ ಸಭೆಯಲ್ಲೇ ತಿದ್ದಿದನು. ಹುಡುಗ ತಲೆತಗ್ಗಿಸಿದ. ಅವನು ಆಡಿದ ನಿಜವಾದ ಮಾತುಗಳಿಗೂ ಅಂದು ಬೆಲೆ ಬರಲಿಲ್ಲ. ತಪ್ಪು ನನ್ನದು. ಅಂದಿನಿಂದ ನಾನು ವಿಷಯ ಹೇಳಿಕೊಡುವುದನ್ನು ಬಿಟ್ಟು, ಹುಡುಕುವ ಕ್ರಮವನ್ನು ಹೇಳಿಕೊಡುತ್ತಿದ್ದೇನೆ.

ಮೊದಲು ವಿಷಯವನ್ನು ಒಂದು ಪ್ರಶ್ನೆಯಾಗಿ ಕಿರಿದುಗೊಳಿಸಬೇಕು. 'ಗಡಿನಾಡ ಕನ್ನಡ' ಎಂಬುದು ಸಮುದ್ರ. 'ಮಹಾಜನ ಆಯೋಗ ಕಾಸರಗೋಡಿನ ಬಗ್ಗೆ ಏನೆಂದಿತು, ಏಕೆ?' ಎಂಬುದು ಈಜಬಹುದಾದ ಕೆರೆ. ಬಳಿಕ ಹಾಳೆಯಲ್ಲಿ ಮೂರು ಅಂಕಣ ಎಳೆಯಿರಿ: ತಿಳಿದದ್ದು, ತಿಳಿಯಬೇಕಾದದ್ದು, ಅದು ಸಿಗುವ ಜಾಗ.

ಆಕರಗಳಲ್ಲಿ ತರತಮವಿದೆ. 1955ರ ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿ, 1967ರ ಮಹಾಜನ ವರದಿ, ಇವು ಮೂಲ ಆಕರಗಳು. ಭಾಷಿಕರ ಸಂಖ್ಯೆಗೆ ಜನಗಣತಿ. ಹಳೆಯ ಸ್ಥಿತಿಗತಿಗೆ ಸ್ಟರಕ್ ಸಂಪಾದಿಸಿದ 1894ರ ದಕ್ಷಿಣ ಕನ್ನಡ ಜಿಲ್ಲಾ ಕೈಪಿಡಿ. ಅಂದಿನ ಜನರ ಭಾವನೆಗೆ ಆ ಕಾಲದ ಪತ್ರಿಕೆಗಳು. ಊರ ಹಿರಿಯರು ತಾವು ಕಂಡದ್ದಕ್ಕೆ ಸಾಕ್ಷಿಗಳು. ಇಸವಿಗೂ ಅಂಕಿಗೂ ಅವರನ್ನೇ, ನನ್ನನ್ನೂ ಸೇರಿಸಿ, ನಂಬಬಾರದು. ಕೇರಳವು ಶಿಫಾರಸನ್ನು ಏಕೆ ಒಪ್ಪಲಿಲ್ಲ ಎಂಬುದನ್ನೂ ಓದಲೇಬೇಕು. ಎದುರು ಪಕ್ಷವನ್ನು ಅರಿಯದವನ ವಾದ ಅರ್ಧವಾದ.

ಓದುವಾಗ ಒಂದು ಚೀಟಿಯಲ್ಲಿ ಒಂದೇ ಸಂಗತಿ ಬರೆದು, ಕೆಳಗೆ ಗ್ರಂಥ, ವರ್ಷ, ಪುಟಸಂಖ್ಯೆ ಗುರುತಿಸಿರಿ. ಇಂದು ಹಳೆಯ ಗ್ರಂಥಗಳ ಪುಟಗಳೂ ಮೊಬೈಲಿನಲ್ಲಿ ದೊರೆಯುತ್ತವೆ, ಸಂತೋಷ. ಆದರೆ ಯಾರೋ ಹಂಚಿದ ಸಾರಾಂಶವನ್ನು ನೆಚ್ಚದೆ ಮೂಲ ಪುಟವನ್ನೇ ತೆರೆದು ನೋಡಿರಿ.

ಒಂದು ವಾರವಿದ್ದರೆ ಎರಡು ದಿನ ಹುಡುಕಾಟ, ಎರಡು ದಿನ ಓದು, ಒಂದು ದಿನ ಬರಹ. ಉಳಿದೆರಡು ದಿನ ಗಡಿಯಾರವಿಟ್ಟು ಗಟ್ಟಿಯಾಗಿ ನುಡಿಯುವ ಅಭ್ಯಾಸ. ಓದುಗನು ಪುಟ ಹಿಂದಿರುಗಿಸಬಲ್ಲ, ಕೇಳುಗನಿಗೆ ಆ ಅನುಕೂಲವಿಲ್ಲ. ಆದುದರಿಂದ ಆಕರದ ಹೆಸರನ್ನು ಮಾತಿನೊಳಗೇ ಹೇಳಬೇಕು.

ಗಡಿನಾಡಿನ ನಮ್ಮ ದನಿ ಸಣ್ಣದು. ಅದರಲ್ಲಿ ಒಂದು ಸುಳ್ಳು ಬೆರೆತರೂ ನಮ್ಮ ನ್ಯಾಯವಾದ ಅಳಲನ್ನು ತಳ್ಳಿಹಾಕುವುದು ಸುಲಭ. ಸುವರ್ಣ ಮಹೋತ್ಸವದ ಈ ಹೊತ್ತಿನಲ್ಲಿ ಮಕ್ಕಳಿಗೆ ನನ್ನ ಹಾರೈಕೆ ಇಷ್ಟೇ: ನೋಡಿ ನುಡಿಯಿರಿ.